ಹ್ಯಾಂಗ್ ಆಯ್ತು, ಆಫ್ ಆಯ್ತು, ಆರಿಹೋಯ್ತು: ಯಾವ್ದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಒಂದು ಪದ ನಾಲ್ಕು ದಿನದಿಂದ ತಲೆ ತಿಂತಿದೆ, ಅದ್ರ ಹಿಂದೆ ಒಂದು ಹಳೇ ಕಂಪ್ಯೂಟರಿನ ಕತೆ ಇದೆ, ಕತೆ ಹೇಳದೆ ಪ್ರಶ್ನೆ ಅರ್ಥ ಆಗಲ್ಲ.

ನನ್ನ ಚಿಕ್ಕಪ್ಪನ ಮಗನ ಹತ್ರ ಗೇಮ್ ಆಡೋಕೆ ಅಂತಾನೇ ಜೋಡಿಸ್ಕೊಂಡ ಡೆಸ್ಕ್‌ಟಾಪ್ ಇದೆ, ಹತ್ತು ವರ್ಷ ದಾಟಿದೆ. ಹೋದ ವಾರ ಫೋನ್ ಮಾಡಿ "ಅಣ್ಣ, ಗೇಮ್ ಹಾಕಿದ್ರೆ ಸಾಕು ಹ್ಯಾಂಗ್ ಆಗ್ತಿದೆ" ಅಂದ. ಹ್ಯಾಂಗ್ ಅಂದ್ರೆ ನನ್ನ ಲೆಕ್ಕದಲ್ಲಿ ಚಿತ್ರ ಇದ್ದಲ್ಲೇ ನಿಲ್ಲಬೇಕು, ಸದ್ದು ಕೊನೇ ತುಣುಕಲ್ಲೇ ಸಿಕ್ಕಾಕ್ಕೊಂಡು ಟ್ರ್ರ್ರ್ ಅಂತಿರ್ಬೇಕು, ಕ್ಯಾಪ್ಸ್‌ಲಾಕ್ ಒತ್ತಿದ್ರೂ ಕೀಬೋರ್ಡಿನ ದೀಪ ಮಿಸುಕಬಾರ್ದು. ಸರಿ ಅಂತ, ಕಂಪ್ಯೂಟರಿನ ನೆನಪಿನ ಪಟ್ಟಿಗಳಾದ ರ‍್ಯಾಮ್ ಮೇಲೆ ಅನುಮಾನ ಪಟ್ಟು, ಎರಡು ಪಟ್ಟಿಯನ್ನೂ ಬಿಚ್ಚು, ಹೊಳೆಯೋ ಅಂಚನ್ನ ರಬ್ಬರಲ್ಲಿ ಮೆಲ್ಲಗೆ ಉಜ್ಜು, ಒಂದೊಂದೇ ಹಾಕಿ ನೋಡು, ಅವನ್ನ ಪರೀಕ್ಷೆ ಮಾಡೋ ತಂತ್ರಾಂಶ ಇದ್ಯಲ್ಲ, ರಾತ್ರಿಯಿಡೀ ಆ ಮೆಮ್‌ಟೆಸ್ಟ್ ಓಡಿಸು ಅಂತೆಲ್ಲ ಹೇಳ್ದೆ. ಎರಡು ದಿನ ಹೋಯ್ತು, ಒಂದು ತಪ್ಪೂ ಸಿಗಲಿಲ್ಲ. ಕೊನೆಗೆ ವಿಡಿಯೋ ಕಾಲಲ್ಲಿ ತೋರ್ಸು ಮಾರಾಯ ಅಂದೆ. ಗೇಮ್ ಲೋಡ್ ಆಯ್ತು, ಮೊದಲ ದೃಶ್ಯ ಬಂತು, ಟಕ್ ಅಂತು, ಫ್ಯಾನು ದೀಪ ಪರದೆ ಎಲ್ಲಾ ಒಟ್ಟಿಗೆ ಸತ್ತವು.

"ಇದೇನೋ ಹ್ಯಾಂಗು? ಆಫ್ ಆಗ್ತಿದೆ ಅನ್ನಬಾರ್ದಿತ್ತಾ?"

"ಆಫ್ ಅಂದ್ರೆ ನಾವ್ ಮಾಡೋದಲ್ವಾ ಅಣ್ಣ, ಇದು ತಾನಾಗೇ ಹೋಗ್ತಿದೆ."

ಅವನು ಹೇಳಿದ್ರಲ್ಲೂ ನ್ಯಾಯ ಇದೆ. ಆದ್ರೆ ಹ್ಯಾಂಗಿಗೂ ಇದಕ್ಕೂ ಹುಡುಕೋ ಜಾಗಾನೇ ಬೇರೆ. ಪರದೆಗೆ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡಿಗೆ ಅದು ಕೂರೋ ಸ್ಲಾಟಿಂದ 75 ವ್ಯಾಟ್, 8 ಪಿನ್ ವೈರಿಂದ 150 ವ್ಯಾಟ್ ವರೆಗೂ ಕೊಡೋ ಲೆಕ್ಕ ಇರುತ್ತೆ, ಸುಮ್ನೆ ಏನೋ ಓದ್ಕೊಂಡು ಕೂತಾಗ ಅದ್ರಲ್ಲಿ ಸ್ವಲ್ಪವೇ ಸಾಕು, ಗೇಮ್ ಶುರುವಾದ ಕ್ಷಣ ಒಂದೇ ಸಲ ಎಳೆಯುತ್ತೆ, ವಯಸ್ಸಾದ ಪವರ್ ಸಪ್ಲೈ ಒಳಗೆ ಕರೆಂಟ್ ಕೂಡಿಟ್ಟುಕೊಳ್ಳೋ ಕೆಪಾಸಿಟರುಗಳು ಸೊರಗಿದ್ರೆ 12 ವೋಲ್ಟಿನ ಲೈನ್ ಕುಸಿದು ಎಲ್ಲಾ ಕಟ್. ಬೇರೆ ಪವರ್ ಸಪ್ಲೈ ಹಾಕಿದ್ವಿ, ಗುಣ ಆಯ್ತು. ತಮಾಷೆ ಏನಂದ್ರೆ ವಿಂಡೋಸಿನ ದಾಖಲೆಯಲ್ಲೂ ಇದಕ್ಕೆ 'ಕರ್ನಲ್ ಪವರ್ 41' (ಸರಿಯಾಗಿ ಮುಚ್ಚದೆ ನಿಂತಿತ್ತು ಅನ್ನೋ ಗುರುತು) ಅಂತ ಬೀಳುತ್ತೆ, ನಿಜವಾಗ್ಲೂ ಹ್ಯಾಂಗ್ ಆಗಿ ನಾವೇ ಬಟನ್ ಒತ್ತಿ ಹಿಡಿದು ಸಾಯ್ಸಿದ್ರೂ ಅದೇ 41. ಅದಕ್ಕೂ ಪದದ ಬರ ಅನ್ಸುತ್ತೆ.

ನನಗೆ ಹೊಳೆದಿದ್ದು 'ಆರು'. ದೀಪ ಆರಿಸ್ದೆ ಅಂದ್ರೆ ನಾನು, ದೀಪ ಆರಿಹೋಯ್ತು ಅಂದ್ರೆ ತಾನಾಗೇ. 'ಆಫ್ ಮಾಡ್ದೆ, ಆಫ್ ಆಯ್ತು' ಅಂತಲೂ ಹೇಳಬಹುದಲ್ಲ ಅಂತೀರಿ, ಆದ್ರೆ ಅಪ್‌ಡೇಟ್ ಮುಗಿಸಿ ಶಿಸ್ತಾಗಿ ಮುಚ್ಚಿಕೊಂಡಿದ್ದಕ್ಕೂ ನಾವು ಆಫ್ ಆಯ್ತು ಅಂತಾನೇ ಅಂತೀವಿ. 'ಆರಿಹೋಯ್ತು' ಅಂದಾಗ ಆ ದಿಢೀರ್ ಕತ್ತಲೆ ಕಣ್ಣಿಗೆ ಬರುತ್ತೆ. ತೊಡಕು ಏನಂದ್ರೆ ಬಟ್ಟೆ ಒಣಗೋದೂ ಆರೋದೇ, ಹಾಲಿನ ಬಿಸಿ ಇಳಿಯೋದೂ ಆರೋದೇ. ಹಳೇ ಕಂಪ್ಯೂಟರಲ್ಲಿ ಮೂರೂ ಒಟ್ಟಿಗೆ ಬರ್ತವೆ: ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ (ಬಿಸಿ ಸಾಗಿಸೋ ಲೇಪ) ಆರಿ, ಬಿಸಿ ಆರದೆ, ಸಿಸ್ಟಮ್ಮೇ ಆರಿಹೋಯ್ತು! (ಇದು ನಮ್ಮ ಹುಡುಗನ ಕೇಸ್ ಅಲ್ಲ. ಬಿಸಿಯಿಂದ ಆರೋದು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ ಆಡಿದ್ಮೇಲೆ, ಇವನದ್ದು ಲೋಡ್ ಬಿದ್ದ ಕೂಡ್ಲೆ.) ವಾಕ್ಯ ಕೇಳೋಕೆ ಚೆನ್ನಾಗಿದೆ, ಫೋನಲ್ಲಿ ರಿಪೇರಿ ಹೇಳೋನಿಗೆ ಮಾತ್ರ ಕಷ್ಟ. ನಿಮಗೇನನ್ಸುತ್ತೆ, ನಡೆಯುತ್ತಾ?

ಸದ್ದುಗಳ ವಿಷಯದಲ್ಲಿ ಈ ಪಾಡಿಲ್ಲ, ಅನುಕರಣಾವ್ಯಯಗಳು (ಸದ್ದನ್ನೇ ಅನುಕರಿಸೋ ಪದಗಳು) ನಮ್ಮಲ್ಲಿ ಬೇಕಾದಷ್ಟಿವೆ. ಫ್ಯಾನಿನ ಬೇರಿಂಗ್ ಸವೆದ್ರೆ ಗರಗರ, ಧೂಳು ಕಟ್ಟಿ ಜೋರಾಗಿ ತಿರುಗಿದ್ರೆ ಭರ್ರ್, ಸಾಯೋಕೆ ಬಂದ ಹಾರ್ಡ್‌ಡಿಸ್ಕ್ ಟಕ್ ಟಕ್, ಫ್ರೇಮ್ ರೇಟ್ (ಸೆಕೆಂಡಿಗೆ ಮೂಡೋ ಚಿತ್ರಗಳ ಲೆಕ್ಕ) ವಿಪರೀತ ಏರಿದಾಗ ಗ್ರಾಫಿಕ್ಸ್ ಕಾರ್ಡಿನ ಕಾಯಿಲ್, ಅಂದ್ರೆ ತಂತಿ ಸುರುಳಿ, ಕೀಂಯ್. ಕೀಂಯ್ ಅಂದ್ರೆ ಹೆದರಬೇಡ, ಟಕ್ ಟಕ್ ಅಂದ್ರೆ ಮೊದಲು ಫೈಲೆಲ್ಲ ಕಾಪಿ ಮಾಡ್ಕೋ ಅಂತ ಕಣ್ಮುಚ್ಚಿ ಹೇಳಬಹುದು. ಚಿತ್ರ ತಡೆದು ತಡೆದು ಬರೋದಕ್ಕೂ 'ತೊದಲ್ತಿದೆ' ಅಂತ ನಾನು ಹೇಳೋಕೆ ಶುರುಮಾಡಿ ತುಂಬಾ ದಿನ ಆಯ್ತು, ಯಾರೂ ಏನಂದ್ರಿ ಅಂತ ತಿರುಗಿ ಕೇಳಿಲ್ಲ.

ಪೂರ್ತಿ ಸೋತಿದ್ದು ಒಂದರಲ್ಲಿ. ಬಿಸಿ 100 ಡಿಗ್ರಿ ಹತ್ರ ಹೋದಾಗ ಪ್ರೊಸೆಸರು ಸುಟ್ಟುಹೋಗಬಾರ್ದು ಅಂತ ವೇಗ ಇಳಿಸ್ಕೊಳ್ಳುತ್ತಲ್ಲ, ಅದಕ್ಕೆ ಏನನ್ನೋಣ? 'ಬಸವಳಿಯೋದು' ಅಂದೆ, ಆದ್ರೆ ಬಸವಳಿದೋರು ಬೇರೆ ದಾರಿ ಇಲ್ದೆ ನಿಧಾನ ಆಗ್ತಾರೆ, ಇದು ಬೇಕಂತಾನೇ ಆಗುತ್ತೆ. 'ಕೈ ಬಿಗಿ ಹಿಡಿಯೋದು' ಅಂದ್ರೆ ದುಡ್ಡಿನ ಮಾತಾಯ್ತು. ನಿಮ್ಮ ಕಡೆ ಗಾಡಿ ಇಂಜಿನ್ನಿಗೋ ಪಂಪ್‌ಸೆಟ್ಟಿಗೋ ಈ ಥರ ಹೇಳೋ ಮಾತು ಏನಾದ್ರೂ ಇದ್ರೆ ತಿಳಿಸಿ.