ಬರೆ ಜಾರಿದ ಜಾಗದಲ್ಲಿ ಕಾಫಿ ಗಿಡ ಏಳುತ್ತಿಲ್ಲ, ಮಣ್ಣಿಗೆ ಏನಾಗಿದೆ?

ಮಕ್ಕಂದೂರು ಕಡೆಯ ಬೆಳೆಗಾರ್ತಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಮಕ್ಕಂದೂರು ಹತ್ತಿರ ಮೂರು ಎಕರೆ ರೊಬಸ್ಟಾ ಕಾಫಿ ತೋಟ. 2018ರ ಆಗಸ್ಟ್‌ನಲ್ಲಿ ಮನೆ ಪಕ್ಕದ ಬರೆ (ಗುಡ್ಡದ ಕಡಿದಾದ ಇಳಿಜಾರು) ಜಾರಿ ಮುಕ್ಕಾಲು ಎಕರೆ ಹೋಯಿತು. ಮನೆಗೆ ಏನೂ ಆಗಲಿಲ್ಲ, ಅದೇ ಪುಣ್ಯ. ಎರಡು ವರ್ಷ ಆ ಕಡೆ ನೋಡಲೂ ಮನಸ್ಸಿರಲಿಲ್ಲ. ಆಮೇಲೆ ಜೆಸಿಬಿ ತರಿಸಿ ಜಾಗ ಮಟ್ಟ ಮಾಡಿಸಿ, 2021ರ ಮಳೆಗಾಲದಲ್ಲಿ 300 ಗಿಡ ನೆಟ್ಟೆವು. ಅದೇ ನರ್ಸರಿಯ ಉಳಿದ ಗಿಡಗಳನ್ನು ಮೇಲಿನ ಹಳೇ ತೋಟದಲ್ಲಿ ಸತ್ತ ಗಿಡಗಳ ಜಾಗಕ್ಕೆ ಹಾಕಿದೆವು.

ಮೇಲಿನವು ಈಗ ನನ್ನ ಎದೆಮಟ್ಟ ಬಂದು ಕಾಯಿ ಹಿಡಿದಿವೆ. ಕೆಳಗಿನವು ಮೊಣಕಾಲು ದಾಟಿಲ್ಲ. ಗೊಬ್ಬರ ಎರಡೂ ಕಡೆ ಒಂದೇ, ನಿಜ ಹೇಳಬೇಕೆಂದರೆ ಕೆಳಗೇ ಜಾಸ್ತಿ ಹಾಕಿದ್ದೇನೆ. ಹಳೇ ಎಲೆಗಳಲ್ಲಿ ನರ ಹಸಿರು, ನರಗಳ ನಡುವೆ ಹಳದಿ. ಮೊನ್ನೆ ಮನಸ್ಸು ಗಟ್ಟಿ ಮಾಡಿ ಒಂದು ಗಿಡ ಕಿತ್ತು ನೋಡಿದೆ. ನಾಲ್ಕು ವರ್ಷದ ಹಿಂದೆ ತೋಡಿದ ಗುಂಡಿಯ ಅಂಚು ಇನ್ನೂ ಹಾಗೇ ಕಾಣುತ್ತಿತ್ತು. ಬೇರು ಆ ಅಂಚು ಮುಟ್ಟಿ ವಾಪಸ್ ತಿರುಗಿದೆ. ತುದಿಗಳು ಮೊಂಡಾಗಿ, ಕಂದು ಬಣ್ಣಕ್ಕೆ ತಿರುಗಿವೆ. ಸುತ್ತ ಜರಿಗಿಡ ಬಿಟ್ಟರೆ ಬೇರೆ ಕಳೆಯೂ ಸರಿಯಾಗಿ ಬರುವುದಿಲ್ಲ.

ಎರಡೂ ಕೆಂಪು ಮಣ್ಣೇ ಅಲ್ವಾ? ಒಂದೇ ಗುಡ್ಡದ ಮಣ್ಣು ಇಷ್ಟು ಬೇರೆ ಹೇಗಾಗುತ್ತದೆ? ಅಪ್ಪ "ಆ ಮಣ್ಣು ಸತ್ತಿದೆ, ಬಿಟ್ಟುಬಿಡು" ಅನ್ನುತ್ತಾರೆ. ನನಗೆ ಬಿಡಲು ಮನಸ್ಸಿಲ್ಲ.

ನಾಪೋಕ್ಲು ಕಡೆಯವರು:

ಜೆಸಿಬಿ ಓಡಾಡಿದ ಜಾಗದಲ್ಲಿ ಮಣ್ಣು ಅದುಮಿ ಹೋಗಿರುತ್ತದೆ. ಮಳೆ ನಿಂತ ಮರುದಿನ ಗುಂಡಿಯಲ್ಲಿ ನೀರು ನಿಲ್ಲುತ್ತದಾ ನೋಡಿ. ನಿಂತರೆ ಬೇರಿಗೆ ಉಸಿರು ಸಿಗುವುದಿಲ್ಲ. ಸಾಲುಗಳ ಮಧ್ಯೆ ತೊಟ್ಟಿಲು ಗುಂಡಿ (ಮಳೆನೀರು ಇಂಗಿಸುವ ಉದ್ದನೆಯ ಗುಂಡಿ) ತೆಗೆಸಿ, ತರಗು ತುಂಬಿಸಿ. ನಮ್ಮಲ್ಲಿ ಅದರಿಂದ ಒಳ್ಳೆಯದಾಗಿದೆ.

ಚೆಟ್ಟಳ್ಳಿ ಕಡೆಯ ನಿವೃತ್ತ:

ತಂಗಿ, ನಾನು 27 ವರ್ಷ ಮಣ್ಣು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು. ನೀವು ಬೇರಿನ ಬಗ್ಗೆ ಬರೆದ ನಾಲ್ಕು ಸಾಲು ಓದಿ ಸುಮ್ನೆ ಇರಲು ಆಗಲಿಲ್ಲ. ಬೇರು ಕಿತ್ತು ನೋಡುವವರು ಬಹಳ ಕಡಿಮೆ.

ಮೊದಲು ನಾಪೋಕ್ಲಿನವರಿಗೆ ಒಂದು ಮಾತು. ನೀರಿನ ವಿಷಯ ನೀವು ಹೇಳಿದ್ದು ಸರಿ. ಆದರೆ ಒಮ್ಮೆ ಜಾರಿದ ಇಳಿಜಾರಿನಲ್ಲಿ ನೀರು ಇಂಗಿಸುವ ಗುಂಡಿ ಬೇಡವೇ ಬೇಡ. ಸಡಿಲ ಮಣ್ಣು ನೀರು ಕುಡಿದು ಭಾರವಾದರೆ ಮತ್ತೆ ಜಾರಬಹುದು. ಅಲ್ಲಿ ನೀರು ನಿಧಾನವಾಗಿ ಹರಿದು ಹೊರಗೆ ಹೋಗಲು ಚರಂಡಿ ಬೇಕು.

ಈಗ ನಿಮ್ಮ ಪ್ರಶ್ನೆ. ಗುಡ್ಡ ಒಂದೇ, ಆದರೆ ನೀವು ನೆಟ್ಟಿರುವುದು ಬೇರೆ ಪದರದಲ್ಲಿ. ಒಳ್ಳೆಯ ತೋಟದ ಮಣ್ಣು ಹಿಡಿಯಷ್ಟು ತೆಗೆದುಕೊಂಡರೆ, ಹೆಚ್ಚುಕಡಿಮೆ ಅರ್ಧ ಮಾತ್ರ ಗಟ್ಟಿ ವಸ್ತು. ಉಳಿದರ್ಧ ಸಂದುಗಳು, ಅದರಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ. ಗಟ್ಟಿ ಭಾಗದಲ್ಲೂ ಬಹುಪಾಲು ಮರಳು, ಗೋಡು (ಮರಳಿಗಿಂತ ನುಣುಪಾದ ಕಣ), ಜೇಡಿ (ಎಲ್ಲಕ್ಕಿಂತ ಸಣ್ಣ, ಅಂಟು ಕಣ). ಕೊಳೆತ ಎಲೆ, ಬೇರು, ಹುಳುಹುಪ್ಪಟೆಯಿಂದ ಬಂದದ್ದು ನೂರಕ್ಕೆ ಐದು ಪಾಲು ಇದ್ದರೆ ದೊಡ್ಡದು. ಆ ಐದು ಪಾಲಿನಲ್ಲಿ ಹೆಚ್ಚಿನದು ಇರುವುದು ಮೇಲಿನ ಒಂದಡಿಯಲ್ಲಿ. ಅದು ಹೊಳೆಗೆ ಹೋಯಿತು. ನಿಮಗೆ ಉಳಿದದ್ದು ಬರೆಯ ಹೊಟ್ಟೆಯ ಮಣ್ಣು.

ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ಅದು ಎರಡೂ ಕಡೆ ಇದೆ. ಮೇಲಿನ ತೋಟದಲ್ಲಿ ಅದರ ಮೇಲೆ ತರಗಿನ ಕಪ್ಪು ಕೂತಿದೆ, ಅಷ್ಟೇ. ಆದರೆ ಆ ಕಪ್ಪಿನದೇ ಎಲ್ಲಾ ಕೆಲಸ. ನಮ್ಮ ಕೆಂಪು ಜೇಡಿಗೆ ಪೋಷಕಾಂಶ ಹಿಡಿದುಕೊಳ್ಳುವ ಶಕ್ತಿ ಕಡಿಮೆ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ನರಗಳ ನಡುವಿನ ಹಳದಿ ನೋಡಿದರೆ ಮೆಗ್ನೀಷಿಯಂ ಕೊರತೆಯೇ ಅನಿಸುತ್ತದೆ. ರಸಸಾರ (pH, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 5ಕ್ಕಿಂತ ಕೆಳಗೆ ಇಳಿದರೆ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಸುಡುತ್ತದೆ. ನೀವು ಕಂಡ ಮೊಂಡು ಬೇರು ಅದರದ್ದೇ ಇರಬೇಕು. ಹಾಕಿದ ರಂಜಕವನ್ನೂ ಈ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಕಚ್ಚಿ ಹಿಡಿಯುತ್ತವೆ. ಗೊಬ್ಬರ ಜಾಸ್ತಿ ಮಾಡಿದರೂ ಗಿಡಕ್ಕೆ ಸಿಗದೇ ಇರುವುದು ಇದಕ್ಕೇ. ಅಮೋನಿಯಂ ಗೊಬ್ಬರ, ಯೂರಿಯಾ ಸುರಿದಷ್ಟೂ ಹುಳಿ ಏರುತ್ತದೆ.

ಮನೆಯಲ್ಲೇ ಒಂದು ಕೆಲಸ ಮಾಡಿ. ಎರಡೂ ಕಡೆಯಿಂದ ಅಡಿಕೆ ಗಾತ್ರದ ಒಣ ಹೆಂಟೆ ತಂದು ಎರಡು ಗ್ಲಾಸ್ ನೀರಿನಲ್ಲಿ ಬಿಡಿ, ಅಲುಗಿಸಬೇಡಿ. ಜೊತೆಗೆ ಎರಡು ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದಲ್ಲಿ ತಳ ಸೇರುತ್ತದೆ, ಗೋಡಿಗೆ ಕೆಲವು ಗಂಟೆ ಬೇಕು, ಜೇಡಿಗೆ ಒಂದು ದಿನಕ್ಕೂ ಜಾಸ್ತಿ.

ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿ. ಮೇಲಿನದನ್ನೂ ಕೆಳಗಿನದನ್ನೂ ಬೆರೆಸಬೇಡಿ. ತರಗು ಸರಿಸಿ 9 ಅಂಗುಲ ಆಳದವರೆಗೆ, ಹತ್ತು ಹನ್ನೆರಡು ಕಡೆಯಿಂದ ತೆಗೆಯಿರಿ. ಹೊಸದಾಗಿ ಗೊಬ್ಬರ ಬಿದ್ದ ಜಾಗ ಬೇಡ. ಒಟ್ಟು ಸೇರಿಸಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ ನೆರಳಲ್ಲಿ ಒಣಗಿಸಿ. ದಯವಿಟ್ಟು ಗೊಬ್ಬರದ ಚೀಲದಲ್ಲಿ ತರಬೇಡಿ. ಖಾಲಿ ಯೂರಿಯಾ ಚೀಲದಲ್ಲಿ ಮಣ್ಣು ಹೊತ್ತು ಬಸ್ಸಲ್ಲಿ ಬಂದವರನ್ನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ಆಗ ಪ್ರತಿ ಸಲ ಹೊಟ್ಟೆ ಉರಿಯುತ್ತಿತ್ತು.

ಕುಶಾಲನಗರ ಕಡೆಯವನು:

ಸುಣ್ಣ ಹಾಕುವ ಮೊದಲು ಪರೀಕ್ಷೆ ಮಾಡಿಸಿ ಅಂತ ನಾನೂ ಹೇಳುತ್ತೇನೆ. ನಮ್ಮ ಕಡೆ ಮಡಿಕೇರಿಯ ಅರ್ಧದಷ್ಟೂ ಮಳೆ ಇಲ್ಲ, ಮಣ್ಣು ಅಷ್ಟು ಹುಳಿಯೂ ಅಲ್ಲ. ಸೋಮವಾರಪೇಟೆಯ ನೆಂಟರು ಹಾಕುತ್ತಾರೆ ಅಂತ ನಾನೂ ಎರಡು ವರ್ಷ ಸುಣ್ಣ ಸುರಿದೆ. ಶುಂಠಿಯ ಹೊಸ ಎಲೆಗಳೇ ಬಿಳಿಚಿಕೊಂಡವು. ಕಬ್ಬಿಣ, ಸತು ಸಿಗದೆ ಹಾಗಾಯಿತು ಅಂತ ಆಮೇಲೆ ತಿಳಿಯಿತು. ಆ ಬೆಳೆ ಹೋಯಿತು.

ಮಕ್ಕಂದೂರು ಕಡೆಯ ಬೆಳೆಗಾರ್ತಿ:

ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ. ಕೆಳಗಿನ ಹೆಂಟೆ ನೀರಿಗೆ ಬಿದ್ದ ಕೂಡಲೇ ಗುಳ್ಳೆ ಬಿಟ್ಟು, ಎರಡು ನಿಮಿಷದಲ್ಲಿ ಕರಗಿ ಕೆಂಪು ಗಂಜಿ ಆಯಿತು. ಮೇಲಿನದು ರಾತ್ರಿ ಇಟ್ಟದ್ದು ಬೆಳಿಗ್ಗೆಯೂ ಹಾಗೇ ಕೂತಿತ್ತು. ಹತ್ತಿರ ಹಿಡಿದು ನೋಡಿದೆ. ಕೂದಲಿನಂಥ ಬೇರುಗಳು ಅದನ್ನು ಹೊಲಿದ ಹಾಗೆ ಹಿಡಿದಿದ್ದವು. ಒಂದು ಸಣ್ಣ ಎರೆಹುಳು ಹೊರಗೆ ಬಂತು! ಬಾಟಲಿಯಲ್ಲಿ ಮರಳು, ಗೋಡು ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ಕೆಳಗಿನದರಲ್ಲಿ ಜೇಡಿ ಸ್ವಲ್ಪ ಜಾಸ್ತಿ. ಅಪ್ಪನಿಗೂ ಕರೆದು ತೋರಿಸಿದೆ. ತುಂಬಾ ಹೊತ್ತು ಗ್ಲಾಸ್ ನೋಡುತ್ತಾ ಕೂತಿದ್ದರು.

ಲ್ಯಾಬ್ ವರದಿಯೂ ಬಂತು. ಮೇಲೆ ರಸಸಾರ 5.8, ಸಾವಯವ ಇಂಗಾಲ ನೂರಕ್ಕೆ 2.3. ಕೆಳಗೆ 4.7 ಮತ್ತು 0.4.

ಚೆಟ್ಟಳ್ಳಿ ಕಡೆಯ ನಿವೃತ್ತ:

ಇಂಗಾಲ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಒಳ್ಳೆಯದು ಅಂತ ಲೆಕ್ಕ. ನಿಮ್ಮ ಮೇಲಿನ ತೋಟ ಬಂಗಾರ, ಅಲ್ಲಿಗೆ ಏನೂ ಗಡಿಬಿಡಿ ಬೇಡ.

ಕೆಳಗೆ ಮೊದಲು ಹುಳಿ ಇಳಿಸಿ. ಮೆಗ್ನೀಷಿಯಂ ಕೊರತೆ ಕಾಣುತ್ತಿರುವುದರಿಂದ ಬರೀ ಸುಣ್ಣಕ್ಕಿಂತ ಡೋಲೋಮೈಟ್ ಒಳ್ಳೆಯದು, ಅದರಲ್ಲಿ ಎರಡೂ ಇದೆ. ಎಷ್ಟು ಅಂತ ವರದಿಯಲ್ಲಿ ಬರೆದಿರುತ್ತಾರೆ, ಅಷ್ಟೇ ಹಾಕಿ. ಜೇಡಿ ಜಾಸ್ತಿ ಇರುವ ಮಣ್ಣಿಗೆ ಜಾಸ್ತಿ ಬೇಕಾಗುತ್ತದೆ, ಅಂಕಿ ನೋಡಿ ಹೆದರಬೇಡಿ. ಯೂರಿಯಾ ಜೊತೆ ಸೇರಿಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಕಾಫಿಗೆ ರಸಸಾರ 6ರ ಆಸುಪಾಸು ಇದ್ದರೆ ಸಾಕು. ಒಂದೇ ವರ್ಷಕ್ಕೆ ಆಗುವ ಕೆಲಸವಲ್ಲ.

ಮೇಲಿನ ಹೆಂಟೆಯನ್ನು ನೀರಲ್ಲಿ ಕರಗದಂತೆ ಹಿಡಿದ ತರಗಿನ ಆ ಕಪ್ಪನ್ನು ಮಾತ್ರ ಯಾರೂ ಚೀಲದಲ್ಲಿ ಮಾರುವುದಿಲ್ಲ. ಮೊದಲ ಮಳೆಗೆ ಸಾಲುಗಳ ಮಧ್ಯೆ ಅಪ್ಸೆಣಬು (ಹಸಿರೆಲೆ ಗೊಬ್ಬರದ ಗಿಡ), ಅಲಸಂದೆ ಬಿತ್ತಿ, ಹೂ ಬರುವಾಗ ಕತ್ತರಿಸಿ ಅಲ್ಲೇ ಹಾಸಿ. ಕೊಳೆಸಿದ ಕಾಫಿ ಹೊಟ್ಟು, ಕೊಟ್ಟಿಗೆ ಗೊಬ್ಬರ ಗಿಡದ ಬುಡಕ್ಕೆ ಹಾಕಿ. ಮಣ್ಣನ್ನು ಬೋಳಾಗಿ ಬಿಡಲೇಬೇಡಿ, ಕಳೆಯನ್ನೂ ಕಿತ್ತು ಹಾಕದೆ ಕತ್ತರಿಸಿ. ಮೇಲಿನ ತೋಟದಿಂದ ಎರಡು ಬುಟ್ಟಿ ಮಣ್ಣು ತಂದು ಹೊಟ್ಟಿನ ರಾಶಿಗೆ ಬೆರೆಸಿ, ಎರೆಹುಳು ಜೊತೆಗೇ ಬರಲಿ. ತೋಟದ ನೆರಳಿನ ಮರ ಹಾಲುವಾಣದ ಗೂಟ ನೆಡಿ. ಅದು ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ, ಎಲೆಯೂ ಬೇಗ ಕೊಳೆಯುತ್ತದೆ, ಬೇರು ಬರೆಯನ್ನೂ ಹಿಡಿಯುತ್ತದೆ.

ಇರುವ ಗಿಡಗಳಲ್ಲಿ ತೀರಾ ಸೊರಗಿದವನ್ನು ತೆಗೆದುಬಿಡಿ. ಹೊಸ ಗಿಡ ಎರಡು ವರ್ಷ ಬಿಟ್ಟು ನೆಡಿ, ಅವಸರ ಬೇಡ.

ಮಕ್ಕಂದೂರು ಕಡೆಯ ಬೆಳೆಗಾರ್ತಿ:

ಅಪ್ಪ ಇವತ್ತು ಬೆಳಿಗ್ಗೆ ನನಗೆ ಹೇಳದೆಯೇ ಕತ್ತಿ ಹಿಡಿದು ಹೋಗಿ, ಗದ್ದೆ ಬದಿಯ ಹಳೇ ಹಾಲುವಾಣದಿಂದ 40 ಗೂಟ ಕಡಿದು ತಂದು ನೆರಳಲ್ಲಿ ನಿಲ್ಲಿಸಿದ್ದಾರೆ. ಮಳೆ ಹಿಡಿದ ಕೂಡಲೇ ನೆಡುತ್ತೇವೆ ಅಣ್ಣ.