ಬೆಂಗಳೂರು–ಲಂಡನ್ ವಿಮಾನ: ಅಮ್ಮನ ಇನ್ಸುಲಿನ್ ಸಮಯದ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ನಮ್ಮಮ್ಮ ಬೆಂಗಳೂರಿನಿಂದ ಲಂಡನ್ ಹೀಥ್ರೂಗೆ ಒಬ್ಬರೇ ಬರುತ್ತಿದ್ದಾರೆ. 68 ವರ್ಷ, ಮೊದಲ ವಿಮಾನ ಪ್ರಯಾಣ. ನೇರ ವಿಮಾನ.

ಟಿಕೆಟ್‌ನಲ್ಲಿ ಮಧ್ಯಾಹ್ನ 1.30ಕ್ಕೆ ಹೊರಟು ರಾತ್ರಿ 7.30ಕ್ಕೆ ಇಳಿಯುವುದು ಅಂತಿದೆ. "ಆರೇ ಗಂಟೆ ಅಲ್ವೇನೋ, ಮೈಸೂರಿಗೆ ಹೋಗಿಬಂದ ಹಾಗೆ" ಅಂತ ಅಮ್ಮ ನಿರಾಳವಾಗಿದ್ದಾರೆ. ಆದರೆ ಆಗ ಲಂಡನ್ ಸಮಯ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ, ಅಂದರೆ ಅವರು ಕೂತಿರಬೇಕಾದ್ದು ಹತ್ತೂವರೆ ಗಂಟೆ! ದೂರ ಸುಮಾರು 8,000 ಕಿ.ಮೀ. ಪಶ್ಚಿಮಕ್ಕೆ ಬರುವಾಗ ಎದುರುಗಾಳಿ ಬೇರೆ. ವಾಪಸ್ ಹೋಗುವಾಗ ಸ್ವಲ್ಪ ಬೇಗ ಮುಟ್ಟುತ್ತದೆ.

ನನ್ನ ಚಿಂತೆ ಇನ್ಸುಲಿನ್‌ದು. ದಿನಾ ರಾತ್ರಿ ಎಂಟಕ್ಕೆ, ಊಟಕ್ಕೆ ಮುಂಚೆ ತಗೊಳ್ಳುತ್ತಾರೆ. ನಮ್ಮ ಎಂಟು ಗಂಟೆಗೆ ವಿಮಾನ ಇನ್ನೂ ಆಕಾಶದಲ್ಲೇ ಇರುತ್ತದೆ. ಊಟ ಕೊಡುವ ಹೊತ್ತು ಇದಕ್ಕೆ ಹೊಂದುತ್ತದೆಯೋ ಇಲ್ಲವೋ. ಅಮ್ಮನ ಕೈಗಡಿಯಾರವನ್ನು ಇಳಿಯುವ ತನಕ ನಮ್ಮ ಸಮಯದಲ್ಲೇ ಬಿಡಲು ಹೇಳಿದ್ದೇನೆ. ಇನ್ಸುಲಿನ್, ಡಾಕ್ಟರ ಚೀಟಿ, ಒಂದು ಡಬ್ಬಿ ಚಪಾತಿ ಕೈಚೀಲದಲ್ಲೇ ಇರುತ್ತವೆ. ಕೆಳಗೆ ಹಾಕುವ ಲಗೇಜಿನಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು.

ಡೋಸ್ ಬಗ್ಗೆ ಡಾಕ್ಟರನ್ನೇ ಕೇಳುತ್ತೇವೆ. ಅಪ್ಪ ಅಮ್ಮನನ್ನು ಹೀಗೆ ಕರೆಸಿಕೊಂಡವರು ದಯವಿಟ್ಟು ಹೇಳಿ: ಈ ಮಾರ್ಗದಲ್ಲಿ ಎರಡನೇ ಊಟ ಹೊರಟ ಎಷ್ಟು ಗಂಟೆಗೆ ಬರುತ್ತದೆ? ಸಿಬ್ಬಂದಿಯನ್ನು ಕೇಳಿದರೆ ಮೊದಲೇ ಕೊಡುತ್ತಾರಾ? ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ ಸಾಕಾಗುತ್ತದಾ?