ಅಪ್‌ಡೇಟ್: ಇಂಪ್ಲಾಂಟ್ ವೇಳೆ ತಂದೆಯವರಿಗಾದ ರಕ್ತಸ್ರಾವ
ಬಳ್ಳಾರಿಯಲ್ಲಿ ನಮ್ಮ ತಂದೆಯವರಿಗೆ ಕೆಳದವಡೆಯ ಮುಂಭಾಗದಲ್ಲಿ ಹಲ್ಲಿನ ಇಂಪ್ಲಾಂಟ್ (ಕೃತಕ ಹಲ್ಲಿಗೆ ಆಧಾರವಾಗಿ ಮೂಳೆ ಕೊರೆದು ಹಾಕುವ ತಿರುಪು) ಕೂರಿಸುವಾಗ ನಾಲಿಗೆಯ ಅಡಿಯಲ್ಲಿ ರಕ್ತ ತುಂಬಿ ಊದಿಕೊಂಡಿದ್ದಕ್ಕೆ, ಅವರು ಹೃದಯಕ್ಕಾಗಿ ಸೇವಿಸುವ 75 ಮಿ.ಗ್ರಾಂ. ಆಸ್ಪಿರಿನ್ ಕಾರಣವೇ ಎಂದು ಕೇಳಿದ್ದೆ. ಈಗ ಅವರು ಮನೆಗೆ ಬಂದಿದ್ದು, ಜೋಳದ ರೊಟ್ಟಿ ಬಿಟ್ಟು ಮೆತ್ತಗಿನ ಅನ್ನ-ಸಾರು ಉಣ್ಣುತ್ತಿದ್ದಾರೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಶಸ್ತ್ರತಜ್ಞರು ಸಿಬಿಸಿಟಿ ಸ್ಕ್ಯಾನ್ (ದವಡೆಯ ಮೂರು ಆಯಾಮದ ಎಕ್ಸ್‌ರೇ) ತೋರಿಸಿ ವಿವರಿಸಿದಂತೆ, ಡ್ರಿಲ್ ದವಡೆ ಮೂಳೆಯ ನಾಲಿಗೆ ಬದಿಯ ಗೋಡೆಯನ್ನು ತೂರಿ ಹೋಗಿ, ಅದಕ್ಕೆ ಹೊಂದಿಕೊಂಡಿರುವ ಸಬ್‌ಲಿಂಗ್ವಲ್ (ನಾಲಿಗೆಯಡಿಯ) ಅಪಧಮನಿಯ ಕವಲಿಗೆ ಪೆಟ್ಟಾಗಿತ್ತು. ಮಾತ್ರೆಯಿಂದ ರಕ್ತ ನಿಲ್ಲುವುದು ತಡವಾಗಿರಬಹುದೇ ಹೊರತು ಅದು ಮೂಲ ಕಾರಣವಲ್ಲ. ಹೊರಗೆ ಬಂದ ರಕ್ತ ಹೆಚ್ಚೇನಿರಲಿಲ್ಲ. ಆದರೆ ಬಾಯಿಯ ತಳ ಉಬ್ಬಿ, ನಾಲಿಗೆ ಮೇಲಕ್ಕೂ ಹಿಂದಕ್ಕೂ ಸರಿದು ಮಾತು ತೊದಲತೊಡಗಿದಾಗ, ದಂತವೈದ್ಯರು ಒಂದು ಕೈಯ ಬೆರಳುಗಳಿಂದ ಬಾಯೊಳಗೂ ಇನ್ನೊಂದು ಕೈಯಿಂದ ಗದ್ದದ ಕೆಳಗೂ ಒತ್ತಿ ಹಿಡಿದುಕೊಂಡೇ ಆಂಬುಲೆನ್ಸ್ ಹತ್ತಿದರು. ಆ ಮಟ್ಟಿಗೆ ಅವರನ್ನು ಮೆಚ್ಚಲೇಬೇಕು. ಆಸ್ಪತ್ರೆಯಲ್ಲಿ ಮೊದಲು ಉಸಿರಿನ ದಾರಿ ಮುಚ್ಚಿಹೋಗದಂತೆ ಉಸಿರಾಟದ ನಳಿಕೆ ಹಾಕಿ, ಬಳಿಕವೇ ಉಳಿದ ಚಿಕಿತ್ಸೆ ನಡೆಸಿದರು.

ಸಾಮಾನ್ಯ ಒಪಿಜಿ ಎಕ್ಸ್‌ರೇಯಲ್ಲಿ (ಇಡೀ ದವಡೆಯನ್ನು ಒಂದೇ ಚಪ್ಪಟೆ ಚಿತ್ರವಾಗಿ ತೋರಿಸುವಂಥದ್ದು) ದವಡೆಯ ದಪ್ಪವಾಗಲಿ ಒಳಬದಿಯ ತಗ್ಗಾಗಲಿ ಕಾಣುವುದಿಲ್ಲವಂತೆ. ಹಾಗಿದ್ದೂ ಅದೊಂದನ್ನೇ ನಂಬಿ ಕೊರೆದದ್ದು ನನಗೆ ಸರಿಕಂಡಿಲ್ಲ. ಹೃದ್ರೋಗ ತಜ್ಞರ ಸಲಹೆಯಂತೆ ಆಸ್ಪಿರಿನ್ ಮುಂದುವರಿದಿದೆ. ಇಂಪ್ಲಾಂಟ್ ವಿಚಾರವನ್ನು ಊತ ಪೂರ್ತಿ ಇಳಿದ ಮೇಲೆ ನೋಡೋಣ ಎಂದಿದ್ದಾರೆ. ತಂದೆಯವರು ಮಾತ್ರ ಹಲ್ಲಿನ ಸೆಟ್ಟೇ ಸಾಕು ಎನ್ನುತ್ತಿದ್ದಾರೆ.